ದೊಡ್ಡದಾಗುವ ಪೆದ್ದತನ

ಪೆದ್ದಕಡುಬೂರು ಎಂಬ ಹೆಸರಿಗೆ ತಲೆ ಒಂದು ಭಾಷೆಯದು, ಮೈ ಇನ್ನೊಂದರದು. ‘ಪೆದ್ದ’ ತೆಲುಗು, ದೊಡ್ಡದು ಎಂದರ್ಥ. ‘ಕಡುಬೂರು’ ನಮ್ಮ ಕಿವಿಗೆ ಕಡುಬಿನ ಊರು. ಆದೋನಿಯಲ್ಲಿ ಬಸ್ಸು ಹತ್ತಿ ಇಲ್ಲಿ ಇಳಿದರೆ ಬೋರ್ಡುಗಳೆಲ್ಲ ತೆಲುಗಿನವು, ಎಷ್ಟೋ ಮನೆಗಳ ಅಡುಗೆಮನೆಯ ಮಾತು ಕನ್ನಡ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಕಳಚಿಕೊಂಡು ಆ ಕಡೆ ಹೋದವು. ಹೀಗಾಗಿ ‘ಪೆದ್ದ’ ಎಂಬ ಪದಕ್ಕೆ ಈ ಸೀಮೆಯಲ್ಲಿ ಎರಡು ಪಹಣಿ. ತೆಲುಗಿನವನಿಗೆ ಅದು ದೊಡ್ಡದು, ಕನ್ನಡದವನಿಗೆ ದಡ್ಡ.

ಬೆಂಗಳೂರಿನ ಸ್ಟಾರ್ಟಪ್ ಸಭೆಗಳಲ್ಲಿ ಹಿಂದಿನ ಸಾಲಿನಲ್ಲಿ ಕೂತಾಗಲೆಲ್ಲ ನನಗೆ ಈ ಪದ ನೆನಪಾಗುತ್ತದೆ. ಅಲ್ಲಿ ಒಂದೇ ಅರ್ಥ ಚಲಾವಣೆಯಲ್ಲಿದೆ. ಎರಡನೆಯದನ್ನು ಹೇಳುವವರು ಯಾರೂ ಇಲ್ಲ.

ಅಲ್ಲಿನ ನಂಬಿಕೆ ಸರಳವಾದದ್ದು. ಎಐ ಬಂದಮೇಲೆ ಕಂಪನಿ ಕಟ್ಟುವುದು ಸುಲಭ. ಕೋಡ್ ಬರೆಯಲು ಹತ್ತು ಜನ ಬೇಡ, ಒಬ್ಬ ಹುಡುಗ, ಒಂದು ಲ್ಯಾಪ್‌ಟಾಪ್ ಸಾಕು. ಐಡಿಯಾ ದೊಡ್ಡದಾಗಿರಲಿ, ದುಡ್ಡು ತಾನಾಗಿ ಬರುತ್ತದೆ. ಬಂದ ದುಡ್ಡಿನಿಂದ ಎಲ್ಲರಿಗಿಂತ ಮೊದಲು ಎಲ್ಲ ಕಡೆ ಹಬ್ಬು, ಲಾಭದ ಮಾತು ಆಮೇಲೆ. ಒಬ್ಬನೇ ಕೂತು ನೂರು ಕೋಟಿ ಡಾಲರ್ ಬೆಲೆಯ ಕಂಪನಿ ಕಟ್ಟುವ ದಿನ ಯಾವ ವರ್ಷ ಬರುತ್ತದೆಂದು ನಮ್ಮ ಗೆಳೆಯರ ಗುಂಪಿನಲ್ಲಿ ಪಂದ್ಯ ಕಟ್ಟಿದ್ದೇವೆ ಎಂದು ಓಪನ್‌ಎಐನ ಸ್ಯಾಮ್ ಆಲ್ಟ್‌ಮನ್ 2024ರಲ್ಲಿ ಹೇಳಿದ. ಮರುವರ್ಷ ಹೊಸ ಸ್ಟಾರ್ಟಪ್‌ಗಳಿಗೆ ದುಡ್ಡು, ತರಬೇತಿ ಕೊಡುವ ಅಮೆರಿಕದ ವೈ ಕಾಂಬಿನೇಟರ್‌ನ ಗ್ಯಾರಿ ಟ್ಯಾನ್, ತಮ್ಮ ಚಳಿಗಾಲದ ತಂಡದ ಕಾಲುಭಾಗ ಕಂಪನಿಗಳಲ್ಲಿ ಶೇ. 95ರಷ್ಟು ಕೋಡನ್ನು ಎಐ ಬರೆದಿದೆ ಎಂದ. ಈ ಎರಡು ಮಾತು ನಮ್ಮಲ್ಲಿಗೆ ಬರುವ ಹೊತ್ತಿಗೆ ಸುಪ್ರಭಾತದಂತಾಗಿವೆ, ಕಣ್ಣು ಬಿಡುವ ಮೊದಲೇ ಕಿವಿಗೆ ಬೀಳುತ್ತವೆ. ಆಂಧ್ರದ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಅವರ ಘೋಷಣೆ ‘ಒಂದು ಕುಟುಂಬ, ಒಬ್ಬ ಉದ್ಯಮಿ’. ಕರ್ನಾಟಕದ ಘೋಷಣೆ ‘ಬೆಂಗಳೂರಿನಾಚೆ’. ನಮ್ಮ ಊರು ಎರಡೂ ಘೋಷಣೆಗಳ ಗಡಿಯಲ್ಲಿದೆ, ಎರಡರ ಧ್ವನಿವರ್ಧಕವೂ ಕೇಳಿಸುತ್ತದೆ.

ಇದೆಲ್ಲ ತಪ್ಪು ಎಂದು ನಾನು ಹೇಳುತ್ತಿದ್ದೇನೆ. ಎಐ ಸುಳ್ಳು ಎಂದಲ್ಲ, ಉದ್ಯಮ ಬೇಡ ಎಂದೂ ಅಲ್ಲ. ಫಂಡು ಕೊಡುವವನ ಲೆಕ್ಕವನ್ನು ಉದ್ಯಮದ ಲೆಕ್ಕ ಎಂದು ನಮ್ಮ ಹುಡುಗರಿಗೆ ಕಲಿಸುತ್ತಿದ್ದೇವಲ್ಲ, ಅದು ತಪ್ಪು.

ನಮ್ಮ ಕಡೆಯ ಒಬ್ಬ ಹುಡುಗನ ಕಥೆ ಹೇಳುತ್ತೇನೆ. ಹೆಸರು ಬೇಡ, ಅವನಿಗೆ ದುಡ್ಡು ಹಾಕಿದವರ ಹೆಸರೂ ಬೇಡ.

ಹತ್ತಿ ಮಾರುವವನಿಗೆ ಇಲ್ಲಿ ದೊಡ್ಡ ಶತ್ರು ಹುಳ ಅಲ್ಲ, ತೇವ. ಭಾರತೀಯ ಹತ್ತಿ ನಿಗಮ, ಎಲ್ಲರ ಬಾಯಲ್ಲಿ ಸಿಸಿಐ, ಶೇ. 8ರಿಂದ 12ರೊಳಗೆ ತೇವ ಇರುವ ಹತ್ತಿಯನ್ನಷ್ಟೇ ಕೊಳ್ಳುತ್ತದೆ. 8 ಇದ್ದರೆ ಪೂರ್ತಿ ಬೆಂಬಲ ಬೆಲೆ. ಏರಿದಷ್ಟು ಕಡಿತ. 12 ದಾಟಿದರೆ ಗಾಡಿ ವಾಪಸ್. 2025–26ರಲ್ಲಿ ಉದ್ದ ಎಳೆಯ ಹತ್ತಿಗೆ ಬೆಂಬಲ ಬೆಲೆ ಕ್ವಿಂಟಲಿಗೆ 8,110 ರೂಪಾಯಿ. ಅದು ಪೇಪರಿನಲ್ಲಿರುತ್ತದೆ. ಊರಿಂದ ಟ್ರ್ಯಾಕ್ಟರ್ ಬಾಡಿಗೆ ಮಾಡಿ, ಅಂಡಿಗೆ ಹೇರಿ, ಆದೋನಿಯ ಮಿಲ್ಲಿನ ಮುಂದೆ ರಾತ್ರಿ ಕಳೆದು, ಬೆಳಿಗ್ಗೆ ಒಬ್ಬ ಬಂದು ಮೀಟರಿನ ಮುಳ್ಳನ್ನು ಹತ್ತಿಯೊಳಗೆ ಚುಚ್ಚಿ ‘ಹದಿನಾಲ್ಕು’ ಅಂದರೆ ಮುಗಿಯಿತು. ವಾಪಸ್ ಒಯ್ದರೆ ಬಾಡಿಗೆ ಎರಡು ಪಟ್ಟು. ಒಯ್ಯದಿದ್ದರೆ ಅಲ್ಲೇ ನಿಂತಿರುವ ವ್ಯಾಪಾರಿ ಹೇಳಿದ ದರಕ್ಕೆ ಕೈ ಕೊಡಬೇಕು. ಆ ವ್ಯಾಪಾರಿ ಅಲ್ಲಿ ನಿಂತಿರುವುದೇ ಆ ಹದಿನಾಲ್ಕಿಗಾಗಿ.

ಹುಡುಗ ಒಂದು ಮೀಟರು ಕೊಂಡ. ಮೋಟಾರ್ ಸೈಕಲ್ ಮೇಲೆ ಊರೂರು ತಿರುಗಿ, ಗಾಡಿ ಹೇರುವ ಮುಂಚೆ ರಾಶಿಗೆ ಚುಚ್ಚಿ ನೋಡಿ ಹೇಳುತ್ತಿದ್ದ. ಒಂದು ಲೋಡಿಗೆ ಐವತ್ತು ರೂಪಾಯಿ. ‘ಇವತ್ತು ಬ್ಯಾಡ ಮಾವ, ಎರಡು ದಿನ ಬಿಸಿಲಿಗೆ ಹಾಕು’ ಎಂದು ಹೇಳುವುದು ಅವನ ವ್ಯಾಪಾರ. ಸಂಜೆ ವಾಟ್ಸಾಪ್‌ನಲ್ಲಿ ಅವನದೇ ಗಂಟಲಲ್ಲಿ ಅರ್ಧ ಕನ್ನಡ ಅರ್ಧ ತೆಲುಗು ಬೆರೆಸಿ ಒಂದು ನಿಮಿಷದ ಸುದ್ದಿ: ಆದೋನಿ ಯಾರ್ಡಿನಲ್ಲಿ ಇವತ್ತಿನ ದರ ಎಷ್ಟು, ನಾಳೆ ಮೋಡ ಹೇಗೆ. ಮೊದಲ ಸೀಸನ್ನಿಗೆ ಮೀಟರಿನ ದುಡ್ಡು ಬಂತು. ಎರಡನೆಯ ಸೀಸನ್ನಿಗೆ ತಂಗಿಯ ಕಾಲೇಜು ಫೀಸು ಬಂತು. ಇದು ಕಂಪನಿ. ನನ್ನ ಮಟ್ಟಿಗೆ ಇದಕ್ಕಿಂತ ಶುದ್ಧವಾದ ಕಂಪನಿ ಇಲ್ಲ. ಕೊಳ್ಳುವವನಿಗೆ ಏಕೆ ಕೊಳ್ಳುತ್ತಿದ್ದೇನೆಂದು ಗೊತ್ತು, ಮಾರುವವನಿಗೆ ಏನು ಮಾರುತ್ತಿದ್ದೇನೆಂದು ಗೊತ್ತು.

ಆಮೇಲೆ ಯಾರೋ ಅವನನ್ನು ಬೆಂಗಳೂರಿಗೆ ಕರೆದರು. ಸ್ಪರ್ಧೆ, ಪಿಚ್, ಐದು ನಿಮಿಷದ ಮಾತು. ಒಳ್ಳೆಯ ಹುಡುಗ, ಚೆನ್ನಾಗಿ ಮಾತಾಡಿದ. ಕೂತವರಲ್ಲಿ ಒಬ್ಬರು ಕೇಳಿದ್ದು ಒಂದೇ ಪ್ರಶ್ನೆಯಂತೆ: ‘ಇದರ ಮಾರ್ಕೆಟ್ ಎಷ್ಟು ದೊಡ್ಡದು?’ ಹನ್ನೆರಡು ಊರು ಎಂದ. ನಕ್ಕರು. ಕೆಟ್ಟ ನಗು ಅಲ್ಲವಂತೆ, ಮಗು ಬೆರಳು ತೋರಿಸಿ ಆನೆ ಇಷ್ಟು ದೊಡ್ಡದು ಎಂದಾಗ ನಗುತ್ತೇವಲ್ಲ, ಅಂಥದ್ದು. ಆ ನಗುವೇ ಅವನನ್ನು ಕೆಡಿಸಿತು.

ಆ ನಗುವಿನ ಹಿಂದೆ ಒಂದು ಲೆಕ್ಕವಿದೆ. ಅದನ್ನು ನಮ್ಮ ಹುಡುಗರಿಗೆ ಯಾರೂ ಬಿಡಿಸಿ ಹೇಳುವುದಿಲ್ಲ.

ಸುಮ್ಮನೆ ಉದಾಹರಣೆಗೆ ನೂರು ಕೋಟಿಯ ಒಂದು ಫಂಡು ಇದೆ ಅನ್ನಿ. ಅದು ಫಂಡಿನವನ ಸ್ವಂತ ದುಡ್ಡಲ್ಲ, ಅವನೂ ಬೇರೆಯವರಿಂದ ತಂದದ್ದು. ಹತ್ತು ವರ್ಷದಲ್ಲಿ ಮೂರು ಪಟ್ಟು ಮಾಡಿ ಹಿಂದಿರುಗಿಸುವ ಆಸೆ ತೋರಿಸಿ ತಂದದ್ದು. ವರ್ಷಕ್ಕೆ ಶೇ. 2 ಅವನ ನಿರ್ವಹಣೆಯ ಕೂಲಿ, ಬೆಳೆ ಬರಲಿ ಬಿಡಲಿ. ಉಳಿದದ್ದನ್ನು ಇಪ್ಪತ್ತು ಕಂಪನಿಗೆ ಹಂಚುತ್ತಾನೆ. ಕೊನೆಗೆ ಒಂದೊಂದರಲ್ಲಿ ಅವನ ಪಾಲು ಶೇ. 15 ಉಳಿಯಿತು ಅನ್ನಿ. ಈಗ ನಮ್ಮ ಹುಡುಗನ ಕಂಪನಿ ಚೆನ್ನಾಗಿ ಬೆಳೆದು ಐವತ್ತು ಕೋಟಿ ಬೆಲೆ ಬಾಳಿತು. ಆದೋನಿಯಲ್ಲಿ ಅವನಿಗೆ ಸನ್ಮಾನ ಆಗುತ್ತದೆ. ಫಂಡಿನವನಿಗೆ ಬರುವುದು ಏಳೂವರೆ ಕೋಟಿ. ಅವನು ತರಬೇಕಾದದ್ದು ಮುನ್ನೂರು ಕೋಟಿ. ಇಂಥ ನಲವತ್ತು ಹುಡುಗರು ಬೇಕು, ಇರುವುದು ಇಪ್ಪತ್ತು ಕುರ್ಚಿ. ಅದರ ಬದಲು ಹತ್ತೊಂಬತ್ತು ಕಂಪನಿ ಸತ್ತು ಒಂದೇ ಒಂದು ಎರಡು ಸಾವಿರ ಕೋಟಿಯದಾದರೆ ಶೇ. 15ಕ್ಕೆ ಮುನ್ನೂರು ಕೋಟಿ ಬಂತು, ಕೆಲಸ ಮುಗಿಯಿತು. ಆದ್ದರಿಂದ ಅವನ ದೃಷ್ಟಿಯಲ್ಲಿ ಐವತ್ತು ಕೋಟಿಯ ಕಂಪನಿಗೂ ಸತ್ತ ಕಂಪನಿಗೂ ಹೇಳಿಕೊಳ್ಳುವ ವ್ಯತ್ಯಾಸ ಇಲ್ಲ. ಅವನು ಕ್ರೂರಿಯಾದ್ದರಿಂದ ಹೀಗಲ್ಲ. ಅವನ ಲೆಕ್ಕದ ಪುಸ್ತಕ ಇರುವುದೇ ಹಾಗೆ.

ಆದೋನಿಯ ದಲಾಲಿ ಅಂಗಡಿಯನ್ನು ಬೈಯದೆ ಬೆಳೆದವರು ಈ ಸೀಮೆಯಲ್ಲಿ ಯಾರೂ ಇಲ್ಲ, ನಾನೂ ಬೈದಿದ್ದೇನೆ. ಬಿತ್ತನೆಗೆ ಬೀಜ, ಔಷಧಿ, ಗೊಬ್ಬರ ಸಾಲ ಕೊಡುತ್ತಾನೆ. ಬೆಳೆ ಬಂದಾಗ ಅವನ ಅಂಗಡಿಗೇ ಹಾಕಬೇಕು. ಚೀಟಿಯಲ್ಲಿ ಮೊದಲು ಅವನ ಅಸಲು, ಬಡ್ಡಿ, ಕಮಿಷನ್ನು ಮುರಿದುಕೊಂಡು ಉಳಿದದ್ದು ರೈತನಿಗೆ. ವೆಂಚರ್ ಫಂಡಿನ ಕರಾರಿನಲ್ಲೂ ಇದೇ ಕಲಮು ಇದೆ. ಕಂಪನಿ ಮಾರಾಟವಾದರೆ ಹಾಕಿದ ದುಡ್ಡು ಮೊದಲು ಹೂಡಿಕೆದಾರನಿಗೆ, ಮಿಕ್ಕಿದ್ದರೆ ಕಟ್ಟಿದವನಿಗೆ. ಇಪ್ಪತ್ತು ಕೋಟಿ ತಂದು ಇಪ್ಪತ್ತು ಕೋಟಿಗೆ ಮಾರಿದ ಸ್ಥಾಪಕ ಬರಿಗೈಲಿ ಮನೆಗೆ ಹೋಗುತ್ತಾನೆ. ಪತ್ರಿಕೆಯಲ್ಲಿ ಮಾತ್ರ ‘ಇಪ್ಪತ್ತು ಕೋಟಿಗೆ ಮಾರಾಟ’ ಎಂದು ಬರುತ್ತದೆ. ಇಷ್ಟರ ಮಟ್ಟಿಗೆ ಇಬ್ಬರೂ ಅಣ್ಣತಮ್ಮಂದಿರು.

ಆದರೆ ಒಂದು ವ್ಯತ್ಯಾಸವಿದೆ, ನನ್ನ ತಕರಾರೆಲ್ಲ ಅದರ ಮೇಲೆ ನಿಂತಿದೆ. ದಲಾಲಿಗೆ ಸಾಲ ಕೊಟ್ಟ ಪ್ರತಿ ಹೊಲವೂ ಬೆಳೆಯಬೇಕು. ಒಂದು ಹೊಲ ಒಣಗಿದರೆ ಅವನ ಅಸಲು ಹೋಯಿತು. ಅದಕ್ಕೇ ಅವನು ಶ್ರಾವಣದಲ್ಲಿ ಒಮ್ಮೆ ಬಂದು ಬದುವಿನ ಮೇಲೆ ನಿಂತು ನೋಡುತ್ತಾನೆ, ಬೈಯುತ್ತಾನೆ, ‘ಇನ್ನೊಂದು ಎಕರೆ ಗುತ್ತಿಗೆ ಹಿಡೀಬ್ಯಾಡ, ನಿನ್ನ ಕೈಲಿ ಆಗಲ್ಲ’ ಅನ್ನುತ್ತಾನೆ. ಸ್ವಾರ್ಥಕ್ಕೇ ಅನ್ನುತ್ತಾನೆ, ಆದರೂ ಅನ್ನುತ್ತಾನೆ. ಫಂಡಿನವನು ಇದರ ತದ್ವಿರುದ್ಧ. ಅವನು ಇಪ್ಪತ್ತೂ ಹೊಲದವರಿಗೆ ‘ಇನ್ನೂ ನೂರು ಎಕರೆ ಹಿಡಿ’ ಎಂದೇ ಹೇಳಬೇಕು. ಹತ್ತೊಂಬತ್ತು ಒಣಗಿದರೂ ಅವನಿಗೆ ಚಿಂತೆಯಿಲ್ಲ, ಒಂದರಲ್ಲಿ ಬಂಗಾರ ಸಿಕ್ಕರೆ ಸಾಕು. ಸಾಲ ಕೊಟ್ಟವನಿಗೆ ನಾವು ಬದುಕಿರುವುದು ಬೇಕಿಲ್ಲದ ಸಾಲವನ್ನು ಈ ಸೀಮೆ ಹಿಂದೆಂದೂ ನೋಡಿರಲಿಲ್ಲ.

ಹುಡುಗನಿಗೆ ದುಡ್ಡು ಸಿಕ್ಕಿತು. 2023. ಆಗ ತಾನೇ ಚಾಟ್‌ಜಿಪಿಟಿಯ ಸುಗ್ಗಿ. ಅವನಿಗೆ ಹೇಳಿದರು: ಮೀಟರು ಬಿಡು, ಅದು ‘ಸ್ಕೇಲ್’ ಆಗುವುದಿಲ್ಲ. ಎಐ ಮಾಡು. ರೈತ ಫೋನಿನಲ್ಲಿ ಕೇಳಲಿ, ಯಂತ್ರ ಉತ್ತರಿಸಲಿ. ಒಂದು ವರ್ಷದಲ್ಲಿ ಮೂರು ರಾಜ್ಯ.

ಮಾಡಿದ. ನಮ್ಮೂರ ಕಟ್ಟೆಯ ಮೇಲೆ ಮೊದಲ ಪ್ರಯೋಗ, ನಾನೂ ಇದ್ದೆ. ಒಬ್ಬ ಹಿರಿಯ ರೈತ ಫೋನನ್ನು ಬಾಯಿಯ ಹತ್ತಿರ ಹಿಡಿದು, ದೂರದವರಿಗೆ ಕೂಗುವಂತೆ ಕೂಗಿದ: ‘ತೇಮ ಎಷ್ಟಿದ್ರೆ ತಗೋತಾರ?’ ತೇಮ ತೆಲುಗು ಪದ, ತೇವ ಎಂದರ್ಥ. ಇಲ್ಲಿ ಕನ್ನಡದವರೂ ಅದನ್ನೇ ಆಡುತ್ತಾರೆ. ಯಂತ್ರ ಅದನ್ನು ‘ಕ್ಷೇಮ’ ಎಂದು ಕೇಳಿಸಿಕೊಂಡಿತು. ಆಕಾಶವಾಣಿಯ ಕನ್ನಡದಲ್ಲಿ, ನಾನು ಕ್ಷೇಮವಾಗಿದ್ದೇನೆ, ತಾವು ಹೇಗಿದ್ದೀರಿ ಎಂದಿತು. ಮುದುಕ ಫೋನನ್ನು ವಾಪಸ್ ಕೊಟ್ಟು, ‘ಒಳ್ಳೆ ಮನಿತನದ್ದು’ ಅಂದ. ಕಟ್ಟೆಯೆಲ್ಲ ನಕ್ಕಿತು, ಹುಡುಗನೂ ನಕ್ಕ. ಆದರೆ ಆ ತಪ್ಪನ್ನು ತಿದ್ದಲು ಬೇಕಾದದ್ದು ಅದೇ ಕಟ್ಟೆಯ ಮೇಲೆ ಎರಡು ವರ್ಷ ಕೂರುವ ತಾಳ್ಮೆ. ಅವನಿಗೆ ಕೊಟ್ಟಿದ್ದು ಹನ್ನೆರಡು ತಿಂಗಳು, ಮೂರು ರಾಜ್ಯ.

ಎರಡನೆಯ ಪೆಟ್ಟು ಖರ್ಚಿನದು. ಹಳೆಯ ಸಾಫ್ಟ್‌ವೇರ್ ಧಂದೆಗೆ ಒಂದು ಸೊಗಸಿತ್ತು: ಒಮ್ಮೆ ಬರೆದರೆ ಆಯಿತು, ನೂರನೆಯ ಗಿರಾಕಿಗೂ ಲಕ್ಷನೆಯ ಗಿರಾಕಿಗೂ ಹೆಚ್ಚುವರಿ ಖರ್ಚು ಬಹುತೇಕ ಸೊನ್ನೆ. ಮೊದಲು ಹಬ್ಬು, ಆಮೇಲೆ ಗಳಿಸು ಎಂಬ ಮಂತ್ರ ಹುಟ್ಟಿದ್ದು ಆ ಸೊನ್ನೆಯಿಂದ. ಎಐ ಹಾಗಲ್ಲ. ಪ್ರತಿ ಪ್ರಶ್ನೆಗೂ ಎಲ್ಲೋ ಒಂದು ಯಂತ್ರ ಉರಿಯುತ್ತದೆ, ಪ್ರತಿ ಉತ್ತರಕ್ಕೂ ಬಾಡಿಗೆ. ಆ ಬಾಡಿಗೆಯನ್ನು ಎಣಿಸುವುದು ಟೋಕನ್ ಎಂಬ ಅಳತೆಯಲ್ಲಿ, ಅಂದರೆ ಯಂತ್ರ ಮಾತನ್ನು ಕತ್ತರಿಸಿಕೊಳ್ಳುವ ಚೂರುಗಳಲ್ಲಿ. ಇಂಗ್ಲಿಷನ್ನು ದೊಡ್ಡ ದೊಡ್ಡ ಹೋಳು ಮಾಡುತ್ತದೆ, ನಮ್ಮ ಭಾಷೆಗಳನ್ನು ಕೊಬ್ಬರಿ ತುರಿದ ಹಾಗೆ ತುರಿಯುತ್ತದೆ. 2024ರ ಮೇ ತಿಂಗಳಲ್ಲಿ ಓಪನ್‌ಎಐ ಜಿಪಿಟಿ-4ಒ ಬಿಟ್ಟಾಗ ಇದನ್ನು ಸುಧಾರಿಸಿದ್ದೇವೆಂದು ಇಪ್ಪತ್ತು ಭಾಷೆಗಳ ಪಟ್ಟಿ ಕೊಟ್ಟಿತು. ಒಂದೇ ಒಕ್ಕಣೆಗೆ ತೆಲುಗಿನಲ್ಲಿ ಮೊದಲು 159 ಟೋಕನ್ ಬೇಕಿತ್ತು, 45ಕ್ಕೆ ಇಳಿಯಿತು. ಇಂಗ್ಲಿಷಿನಲ್ಲಿ 27 ಇದ್ದದ್ದು 24 ಆಯಿತು. ಸುಧಾರಿಸಿದ ಮೇಲೂ ತೆಲುಗಿನವನು ಇಂಗ್ಲಿಷಿನವನ ಹೆಚ್ಚುಕಮ್ಮಿ ಎರಡರಷ್ಟು ತೆರಬೇಕು. ಕನ್ನಡ? ಆ ಇಪ್ಪತ್ತರ ಪಟ್ಟಿಯಲ್ಲಿ ಕನ್ನಡ ಇರಲೇ ಇಲ್ಲ.

ಗಿರಾಕಿ ಹೆಚ್ಚಿದಷ್ಟೂ ನಷ್ಟ ಹೆಚ್ಚುವ ವ್ಯಾಪಾರವನ್ನು ‘ಬೇಗ ಹಬ್ಬಿಸು’ ಎನ್ನುವುದು ಯಾವ ಜಾಣತನ? ಮೀಟರಿನ ಕಾಲದಲ್ಲಿ ಒಬ್ಬ ರೈತ ಹೆಚ್ಚಾದರೆ ಐವತ್ತು ರೂಪಾಯಿ ಬರುತ್ತಿತ್ತು. ಆ್ಯಪ್ ಬಂದಮೇಲೆ ಒಬ್ಬ ರೈತ ಹೆಚ್ಚಾದರೆ ಕೈಯಿಂದ ಹೋಗುತ್ತಿತ್ತು, ಏಕೆಂದರೆ ಅದನ್ನು ಬಿಟ್ಟಿ ಕೊಡಬೇಕೆಂದು ಫಂಡಿನವರ ಆಣತಿ. ಬಿಟ್ಟಿ ಕೊಟ್ಟರೆ ಸಂಖ್ಯೆ ಏರುತ್ತದೆ, ಸಂಖ್ಯೆ ಏರಿದರೆ ಮುಂದಿನ ಸುತ್ತಿನ ಫಂಡು. ಆಗ ಗಿರಾಕಿ ಯಾರು? ರೈತ ಅಲ್ಲ. ಮುಂದಿನ ಸುತ್ತಿನ ಹೂಡಿಕೆದಾರನೇ ಗಿರಾಕಿ, ರೈತ ಅವನಿಗೆ ತೋರಿಸುವ ಸರಕು.

ಇಲ್ಲೇ ಆ ನಂಬಿಕೆಯ ಹೊಟ್ಟೆಯೊಳಗಿನ ವಿರೋಧವೂ ಕಾಣುತ್ತದೆ. ಎಐನಿಂದ ಕಂಪನಿ ಕಟ್ಟುವ ಖರ್ಚು ಇಳಿದಿದೆ ಎನ್ನುತ್ತೀರಿ, ಒಬ್ಬನೇ ಸಾಕು ಎನ್ನುತ್ತೀರಿ. ಹಾಗಾದರೆ ನೂರು ಕೋಟಿ ಯಾಕೆ? ಖರ್ಚು ಇಳಿದ ಕಾಲದಲ್ಲಿ ಫಂಡು ಏರುತ್ತಿದೆ ಎಂದರೆ ಆ ದುಡ್ಡು ಎಲ್ಲಿಗೆ ಹೋಗುತ್ತಿದೆ? ಕ್ಲೌಡ್ ಬಾಡಿಗೆಗೆ, ಮಾಡೆಲ್ ಬಾಡಿಗೆಗೆ, ಅಲ್ಲಿಂದ ಚಿಪ್ಪಿನ ಅಂಗಡಿಗೆ. ಎನ್‌ವಿಡಿಯಾ ಎಂಬ ಒಂದೇ ಕಂಪನಿಯ ಮೌಲ್ಯ 2025ರ ಅಕ್ಟೋಬರಿನಲ್ಲಿ 5 ಲಕ್ಷ ಕೋಟಿ ಡಾಲರ್ ದಾಟಿತು. ಹತ್ತಿ ಸೀಮೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಹತ್ತಿ ಬೆಳೆದವನ ಮನೆ ಮಣ್ಣಿನ ಮಾಳಿಗೆಯಾಗಿಯೇ ಉಳಿದಾಗ ಔಷಧಿ ಅಂಗಡಿಯವನು ಮೂರಂತಸ್ತು ಕಟ್ಟಿದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ.

ನನ್ನ ವಿರೋಧಿಗಳ ಮಾತಿನಲ್ಲಿ ಹುರುಳಿಲ್ಲ ಎನ್ನುವುದಿಲ್ಲ. ಫ್ಲಿಪ್‌ಕಾರ್ಟ್ ತೋರಿಸುತ್ತಾರೆ. 2007ರಲ್ಲಿ ಬೆಂಗಳೂರಿನಲ್ಲಿ ಪುಸ್ತಕ ಮಾರಲು ಶುರುವಾದದ್ದು, 2018ರಲ್ಲಿ ವಾಲ್‌ಮಾರ್ಟ್ ಸುಮಾರು 1,600 ಕೋಟಿ ಡಾಲರ್ ಕೊಟ್ಟು ಶೇ. 77 ಪಾಲು ಕೊಂಡಿತು. ಅಷ್ಟು ಗೋದಾಮು, ಅಷ್ಟು ಲಾರಿ ಸ್ವಂತ ಲಾಭದಿಂದ ಕಟ್ಟಲಾಗುತ್ತಿರಲಿಲ್ಲ, ನಿಜ. ಹೊಸ ಔಷಧ, ಹೊಸ ಚಿಪ್ಪು, ಕನ್ನಡವನ್ನು ಬೇರಿನಿಂದ ಕಲಿಯುವ ಮಾಡೆಲ್ಲು, ಇಂಥವಕ್ಕೆ ವರ್ಷಗಟ್ಟಲೆ ಆದಾಯವಿಲ್ಲದೆ ಕಾಯುವ ದುಡ್ಡು ಬೇಕು, ಅದೂ ನಿಜ. ಆದರೆ ಅಂಥ ಕೆಲಸ ಮಾಡುವವರು ನೂರಕ್ಕೆ ಎಷ್ಟು? ಆನೆಗೆ ಅಂಬಾರಿ ಬೇಕೆಂದು ಊರಿನ ಮೇಕೆಗಳಿಗೆಲ್ಲ ಅಂಬಾರಿ ಕಟ್ಟಿದರೆ ಮೇಕೆ ಆನೆಯಾಗುವುದಿಲ್ಲ, ಬೆನ್ನು ಮುರಿದು ಬೀಳುತ್ತದೆ. 2025ರ ಏಪ್ರಿಲಿನಲ್ಲಿ ಕೇಂದ್ರ ಸಚಿವ ಪೀಯೂಷ್ ಗೋಯಲ್, ನಮ್ಮ ಸ್ಟಾರ್ಟಪ್‌ಗಳು ಮನೆಗೆ ಊಟ ತಲುಪಿಸುವುದರಲ್ಲೇ ಇವೆ, ಚೀನಾದವರು ಚಿಪ್ಪು, ಎಐ ಮಾಡುತ್ತಿದ್ದಾರೆ ಎಂದು ಮೂದಲಿಸಿದಾಗ ಬೆಂಗಳೂರೆಲ್ಲ ಸಿಟ್ಟಾಯಿತು. ನನಗೆ ಎರಡೂ ಕಡೆಯವರು ಒಂದೇ ರೋಗದವರಾಗಿ ಕಂಡರು. ಇಬ್ಬರಿಗೂ ದೊಡ್ಡದೇ ಬೇಕು, ಜಗಳ ಯಾವ ದೊಡ್ಡದು ಎಂಬುದರ ಮೇಲೆ.

ಇನ್ನೊಂದು ವಾದ: ಬಿದ್ದವರನ್ನು ಎಣಿಸಬೇಡಿ, ಬೀಳುವುದೂ ಪಾಠ. ಯಾರಿಗೆ ಪಾಠ? ಬೆಂಗಳೂರಿನ ಬೈಜೂಸ್ 2022ರಲ್ಲಿ 2,200 ಕೋಟಿ ಡಾಲರ್ ಬೆಲೆಯದು ಎನಿಸಿಕೊಂಡಿತ್ತು. ಭಾರತದ ಕ್ರಿಕೆಟ್ ತಂಡದ ಎದೆಯ ಮೇಲೆ ಅದರ ಹೆಸರಿತ್ತು. ಅದೇ ತಂಡದ ಕ್ರಿಕೆಟ್ ಮಂಡಳಿ ತನಗೆ ಬರಬೇಕಾದ ಸುಮಾರು 158 ಕೋಟಿ ರೂಪಾಯಿಗಾಗಿ ದಿವಾಳಿ ನ್ಯಾಯಮಂಡಳಿಯ ಬಾಗಿಲು ಬಡಿಯಿತು, 2024ರ ಜುಲೈನಲ್ಲಿ ನ್ಯಾಯಮಂಡಳಿ ಬೈಜೂಸ್ ಮೇಲೆ ದಿವಾಳಿ ಪ್ರಕ್ರಿಯೆ ಶುರುಮಾಡಿತು. ಹೂಡಿಕೆದಾರ ಪ್ರೊಸಸ್ ತನ್ನ ಪಾಲನ್ನು ಸೊನ್ನೆ ಎಂದು ಬರೆದುಕೊಂಡು ಮುಂದೆ ನಡೆಯಿತು, ಅದಕ್ಕೆ ಬೇರೆ ಹೊಲಗಳಿವೆ. ಸಂಬಳ ನಿಂತವರಿಗೆ ಇರಲಿಲ್ಲ. ಎಐ ಕಾಲದ ಉದಾಹರಣೆ ಬೇಕಿದ್ದರೆ ಲಂಡನ್ನಿನ ಬಿಲ್ಡರ್.ಎಐ ಇದೆ. ಆ್ಯಪ್ ಕಟ್ಟುವುದು ಪಿಜ್ಜಾ ತರಿಸಿದಷ್ಟು ಸುಲಭ ಎಂದಿತು, ‘ನತಾಶಾ’ ಎಂಬ ಎಐ ತೋರಿಸಿತು, ಮೈಕ್ರೋಸಾಫ್ಟ್, ಕತಾರ್ ಸರ್ಕಾರದ ನಿಧಿ ದುಡ್ಡು ಹಾಕಿದವು, 2025ರ ಮೇನಲ್ಲಿ ಬಾಗಿಲು ಹಾಕಿತು. ಏಳುನೂರು ಭಾರತೀಯ ಎಂಜಿನಿಯರುಗಳು ಎಐ ವೇಷ ಹಾಕಿ ಕೂತಿದ್ದರು ಎಂಬ ಕಥೆ ಆಗ ವಾಟ್ಸಾಪ್‌ನಲ್ಲಿ ಓಡಾಡಿತು. ಅದು ಉತ್ಪ್ರೇಕ್ಷೆ, ನಂಬಬೇಡಿ. ನಿಜವಾದದ್ದು ಅಷ್ಟು ರಂಜಕವಾಗಿಲ್ಲ: ಹೂಡಿಕೆದಾರರಿಗೆ ತೋರಿಸಿದ ಮಾರಾಟದ ಅಂಕಿಗೂ ಪೆಟ್ಟಿಗೆಗೆ ಬಿದ್ದ ದುಡ್ಡಿಗೂ ತಾಳೆಯಾಗಲಿಲ್ಲ. ಎಐ ಬಂದಮೇಲೂ ಕಂಪನಿ ಸಾಯುವುದು ಹಳೇ ರೋಗದಿಂದಲೇ.

ಹಾಗಾದರೆ ಬೇರೆ ದಾರಿ ಇತ್ತೇ? ಇತ್ತು, ಇದೇ ದೇಶದಲ್ಲಿ. ಇನ್ಫೋಸಿಸ್ 1981ರಲ್ಲಿ ಶುರುವಾದದ್ದು ಸುಧಾ ಮೂರ್ತಿಯವರ ಉಳಿತಾಯದ ಹತ್ತು ಸಾವಿರ ರೂಪಾಯಿಯಿಂದ ಎಂಬುದು ಈಗ ಹರಿಕಥೆಯಾಗಿದೆ. ಹರಿಕಥೆಯಲ್ಲಿ ಬಿಟ್ಟುಹೋಗುವ ಭಾಗ ಮುಖ್ಯ. ಷೇರುಪೇಟೆಗೆ ಹೋಗಲು ಅದು 1993ರವರೆಗೆ ಕಾಯಿತು, ಹೋದಾಗ ಷೇರು ಕೊಳ್ಳುವವರು ಸಾಕಾಗಲಿಲ್ಲ. ಹನ್ನೆರಡು ವರ್ಷ ಬಹುಪಾಲು ಗಿರಾಕಿ ಕೊಟ್ಟ ದುಡ್ಡಿನಲ್ಲೇ ಬದುಕಿತ್ತು. ನಿತಿನ್ ಕಾಮತ್ ಅವರ ಷೇರು ದಲಾಲಿ ಕಂಪನಿ ಜೆರೋಧಾ 2010ರಲ್ಲಿ ಶುರುವಾಗಿ ಹೊರಗಿನ ಒಂದು ರೂಪಾಯಿ ಫಂಡು ತೆಗೆದುಕೊಳ್ಳದೆ 2023–24ರಲ್ಲಿ ಸುಮಾರು 4,700 ಕೋಟಿ ರೂಪಾಯಿ ಲಾಭ ಮಾಡಿತು. ಇವರನ್ನು ಪೂಜೆಗೆ ಕೂರಿಸುತ್ತಿಲ್ಲ. ಷೇರು ದಲಾಲಿ ಧಂದೆಯ ಲಾಭದಲ್ಲಿ ಫ್ಯೂಚರ್ಸ್, ಆಪ್ಷನ್ಸ್ ಆಡಿ ಕಳೆದುಕೊಂಡವರ ದುಡ್ಡಿನ ವಾಸನೆ ಇದೆ. ಆ ಆಟದಲ್ಲಿ ನೂರಕ್ಕೆ 93 ಜನ ಕಳೆದುಕೊಂಡರೆಂದು ಷೇರುಪೇಟೆಯ ನಿಯಂತ್ರಕ ಸೆಬಿಯೇ 2024ರಲ್ಲಿ ಹೇಳಿದೆ. ನಾನು ಹೇಳುವುದು ಇಷ್ಟೇ: ಫಂಡಿಲ್ಲದೆ ದೊಡ್ಡದಾಗುವುದೂ ಸಾಧ್ಯ, ಆದರೆ ಯಾವ ಪಿಚ್ ಸ್ಪರ್ಧೆಯಲ್ಲೂ ಅದನ್ನು ಪಾಠ ಮಾಡುವುದಿಲ್ಲ. ಪಾಠ ಮಾಡುವವರು ಫಂಡಿನವರೇ ಆಗಿರುವಾಗ ಹೇಗೆ ಮಾಡಿಯಾರು?

ನನಗೆ ಇವೆರಡಕ್ಕಿಂತ ಹತ್ತಿರದ್ದೆನಿಸುವುದು ಕಾರ್ಯ ಎಂಬ ಸಂಸ್ಥೆ. 2021ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ, ಲಾಭದ ಉದ್ದೇಶವಿಲ್ಲದ ಸಂಸ್ಥೆ ಅದು. ಎಐಗೆ ಬೇಕಾದ ಭಾಷೆಯ ದತ್ತಾಂಶ ಸಂಗ್ರಹಿಸಿ ಮಾರುತ್ತದೆ. ಚಿಲಕವಾಡಿ, ಆಲಹಳ್ಳಿಯಂಥ ಹಳ್ಳಿಗಳ ಹೆಂಗಸರು ಮನೆಯಲ್ಲೇ ಕೂತು ಫೋನಿಗೆ ಕನ್ನಡ ವಾಕ್ಯ ಓದಿ ಕೊಟ್ಟರೆ 2023ರಲ್ಲಿ ತಾಸಿಗೆ ಸುಮಾರು ಐದು ಡಾಲರ್, ಅಂದರೆ ಆಗಿನ ನಾನೂರು ರೂಪಾಯಿ ಸಿಗುತ್ತಿತ್ತು. ಆ ಧ್ವನಿ ಮತ್ತೊಮ್ಮೆ ಮಾರಾಟವಾದರೆ ಆಡಿದವರಿಗೆ ಮತ್ತೆ ಪಾಲು. ಇಲ್ಲಿ ಹಳ್ಳಿಯವರು ಲೆಕ್ಕದ ಪುಸ್ತಕದಲ್ಲಿ ‘ಬಳಕೆದಾರರು’ ಅಲ್ಲ, ದುಡ್ಡು ಬರಬೇಕಾದವರು. ನಮ್ಮ ಆದೋನಿ ಸೀಮೆಯ ‘ತೇಮ’ ಎಂಬ ಪದ ಯಂತ್ರಕ್ಕೆ ತಿಳಿಯಬೇಕಾದರೆ ಯಾರೋ ಹೀಗೆ ಕೂಲಿ ಕೊಟ್ಟು, ಕಿವಿ ಕೊಟ್ಟು ಕೇಳಿಸಿಕೊಳ್ಳಬೇಕು. ಅದು ಮೂರು ರಾಜ್ಯಕ್ಕೆ ಹಬ್ಬಿಸುವ ಆತುರದಲ್ಲಿ ಆಗುವ ಕೆಲಸವಲ್ಲ.

ಒಂದು ಕಾಲಕ್ಕೆ ಆದೋನಿಯನ್ನು ಎರಡನೇ ಮುಂಬೈ ಎನ್ನುತ್ತಿದ್ದರು, ಹತ್ತಿ ಮತ್ತು ಬಟ್ಟೆ ವ್ಯಾಪಾರದ ದೆಸೆಯಿಂದ. ಅಲ್ಲಿ ಜಿನ್ನಿಂಗ್ ಮಿಲ್ಲು ಕಟ್ಟಿದವರು ಸಂತರಲ್ಲ, ತೂಕದಲ್ಲಿ ಹೊಡೆದವರು ಇದ್ದರು, ಕೂಲಿಯಲ್ಲಿ ಹೊಡೆದವರೂ ಇದ್ದರು. ಆದರೆ ಅವರಿಗೆ ಹತ್ತಿ ಗೊತ್ತಿತ್ತು. ಬೆರಳಲ್ಲಿ ಎಳೆ ಎಳೆದು ಉದ್ದ ಹೇಳುತ್ತಿದ್ದರು. ಇವತ್ತು ಹತ್ತಿಗೆ ಆ್ಯಪ್ ಮಾಡಲು ಬರುವವರಲ್ಲಿ ಹತ್ತಿ ಬಿಡಿಸಿ ಬೆರಳು ಗೀರಿಸಿಕೊಂಡವರನ್ನು ನಾನು ಕಂಡಿಲ್ಲ. ಸರ್ಕಾರದ್ದೂ ಅದೇ ಚಾಳಿ. 2025ರಲ್ಲಿ ಸಿಸಿಐ ಹತ್ತಿ ಕೊಳ್ಳಲು ‘ಕಪಾಸ್ ಕಿಸಾನ್’ ಆ್ಯಪ್‌ನಲ್ಲಿ ಸ್ಲಾಟ್ ಹಿಡಿಯಬೇಕೆಂದಿತು. ಸ್ಲಾಟ್ ಹಿಡಿದು ಹೋದವನ ಹತ್ತಿಯ ತೇವ ಎಷ್ಟೆಂದು ಸ್ಲಾಟಿಗೆ ಗೊತ್ತಿರುವುದಿಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ ಗೂಗಲ್ ವಿಶಾಖಪಟ್ಟಣದಲ್ಲಿ ಐದು ವರ್ಷದಲ್ಲಿ 1,500 ಕೋಟಿ ಡಾಲರ್ ಹಾಕಿ ಎಐ ಕೇಂದ್ರ ಕಟ್ಟುತ್ತೇನೆಂದಿತು, ಇಡೀ ರಾಜ್ಯ ಚಪ್ಪಾಳೆ ತಟ್ಟಿತು. ಕಟ್ಟಲಿ. ಅದು ರಾಜ್ಯದ ಆ ತುದಿ, ನಾವು ಈ ತುದಿ. ಅಲ್ಲಿನ ಯಂತ್ರ ಎಷ್ಟು ದೊಡ್ಡದಾದರೂ ಮಿಲ್ಲಿನ ಗೇಟಿನಲ್ಲಿ ‘ಹದಿನಾಲ್ಕು’ ಎನ್ನುವವನ ಮುಂದೆ ರೈತನ ಪರವಾಗಿ ನಿಲ್ಲುವುದಿಲ್ಲ.

ಹುಡುಗನ ಕಥೆ ಮುಗಿಸುತ್ತೇನೆ. ಎರಡನೆಯ ಸುತ್ತಿನ ದುಡ್ಡು ಬರಲಿಲ್ಲ. ಸಂಖ್ಯೆ ಏರಿತ್ತು, ಆದರೆ ಅಷ್ಟೊತ್ತಿಗೆ ಫಂಡಿನವರ ಕಣ್ಣು ಬೇರೆ ಕಡೆ ಹೊರಳಿತ್ತು. ಆ್ಯಪ್ ಒಂದು ದಿನ ತೆರೆಯುವುದನ್ನು ನಿಲ್ಲಿಸಿತು, ಹೇಳದೆ ಕೇಳದೆ. ವಾಟ್ಸಾಪ್ ಸುದ್ದಿ ಅದಕ್ಕೂ ಒಂದು ವರ್ಷ ಮೊದಲೇ ನಿಂತಿತ್ತು, ಅದು ‘ಬ್ರ್ಯಾಂಡಿಗೆ ಹೊಂದುವುದಿಲ್ಲ’ ಎಂದಿದ್ದರಂತೆ. ಅವನು ಈಗ ಬೆಂಗಳೂರಿನಲ್ಲಿ ಇನ್ನೊಬ್ಬರ ಸ್ಟಾರ್ಟಪ್‌ನಲ್ಲಿ ಸಂಬಳಕ್ಕಿದ್ದಾನೆ. ಒಳ್ಳೆಯ ಸಂಬಳವೇ. ಕಳೆದ ದೀಪಾವಳಿಗೆ ಬಂದಾಗ ಕಟ್ಟೆಯ ಕಡೆ ಸುಳಿಯಲಿಲ್ಲ. ಸೋತೆ ಎಂದು ಅವನಿಗೆ ನಾಚಿಕೆ. ಅವನು ಸೋತಿರಲಿಲ್ಲ, ಹನ್ನೆರಡು ಊರಲ್ಲಿ ಗೆದ್ದಿದ್ದವನಿಗೆ ಅದು ಗೆಲುವಲ್ಲ ಎಂದು ಹೇಳಿಕೊಟ್ಟರು. ಆ ಪಾಠ ಹೇಳಿಕೊಟ್ಟವರ ಮೇಲೆ ನನ್ನ ಸಿಟ್ಟು ಇನ್ನೂ ಆರಿಲ್ಲ.

ಈ ಸಲವೂ ಮಿಲ್ಲಿನ ಮುಂದಿನಿಂದ ಗಾಡಿಗಳು ವಾಪಸ್ ಬಂದವು. ಊರು ಬಿಡುವಾಗ ಅವನು ಮೀಟರನ್ನು ನನ್ನ ಕೈಗೆ ಕೊಟ್ಟು ಹೋಗಿದ್ದ, ನಮ್ಮ ಮನೆಯ ಅಟ್ಟದ ಮೇಲೆ ಇದೆ. ಹನ್ನೆರಡು ಊರು ತಿರುಗುವ ಮನಸ್ಸಿರುವ ಹುಡುಗನೋ ಹುಡುಗಿಯೋ ಬಂದರೆ ಹಾಗೇ ಕೊಡುತ್ತೇನೆ, ದುಡ್ಡು ಬೇಡ, ಪಾಲೂ ಬೇಡ. ಸೆಲ್ಲು ಮಾತ್ರ ಹೊಸದು ಹಾಕಬೇಕು.